ಕಪ್ಪು ಇಲಿಗೆ ಬಂದ ಸಂಬಂಧ

ಇಲಿ ಸಾಕುವ ಕೆಲಸಕ್ಕೆ ಸೇರಿದವರ ಬದುಕಿನಲ್ಲಿ ಯಾರಾದರೊಬ್ಬರು ಹೌಹಾರದೆ ಒಂದು ವಾರವೂ ಮುಗಿಯುವುದಿಲ್ಲ. ಹೌಹಾರುವವರು ಹೆಚ್ಚಾಗಿ ಬೇರೆಯವರು, ಆಗೀಗ ನಾವೇ. ಎಪ್ಪತ್ತರ ದಶಕದಲ್ಲಿ ನಾನು ಮಾಗಡಿ ರಸ್ತೆಯ ತುದಿಯಲ್ಲಿದ್ದ ಒಂದು ಪುಟ್ಟ ಪ್ರಯೋಗಶಾಲೆಯಲ್ಲಿ ಸಂಶೋಧನೆಗೆ ಸೇರಿಕೊಂಡೆ. ಸುಂಕದಕಟ್ಟೆ ಆಗ ಪೂರಾ ಹಳ್ಳಿ. ನಮ್ಮ ಕಟ್ಟಡದ ಸುತ್ತ ರಾಗಿ ಹೊಲ, ಒಳಗೆ ಕಪ್ಪು ಇಲಿಗಳು. ಮನೆ ಮಾತ್ರ ರಾಜಾಜಿನಗರದಲ್ಲಿ, ವಿಭೂತಿ ಹಚ್ಚದೆ ಯಾರೂ ಕಾಫಿ ಕುಡಿಯದ ಮನೆ. ಈ ಎರಡರ ನಡುವೆ ಓಡಾಡಿದ ನನ್ನ ಕಥೆಯಲ್ಲಿ ಗಾಬರಿಗೆ ಬರ ಬರುವುದು ಹೇಗೆ?

೧. ಅಜ್ಜಿಗೆ ಗೊತ್ತಾದದ್ದು

ಅಜ್ಜಿ ಎಂದರೆ ನನ್ನ ತಾಯಿಯ ತಾಯಿ. ಚಿತ್ರದುರ್ಗದ ಕಡೆಯಿಂದ ಬಂದು ನಮ್ಮ ಮನೆಯ ಹಿಂದಿನ ಎರಡು ಕೋಣೆಯಲ್ಲಿ ಮಗನ ಜೊತೆ ನೆಲೆಯೂರಿದ್ದಳು. ಆ ಮಗನೇ ನನ್ನ ಸೋದರಮಾವ. ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಲೇತ್ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ನಾನು ತೊಟ್ಟಿಲಲ್ಲಿದ್ದಾಗಲೇ ಅಜ್ಜಿ ನನ್ನ ಅಮ್ಮನಿಗೆ ಮಾತು ಕೊಟ್ಟಿದ್ದಳಂತೆ: "ನಿನ್ನ ಮಗಳು ನನ್ನ ಸೊಸೆ." ನನ್ನನ್ನು ಯಾರು ಕೇಳಬೇಕು? ನಾನಾಗ ಬಾಯಲ್ಲಿ ಕಾಲಿನ ಹೆಬ್ಬೆರಳು ಇಟ್ಟುಕೊಂಡು ಮಲಗಿದ್ದೆ.

ನಾನು ಎಂ.ಎಸ್ಸಿ. ಮುಗಿಸಿ ಕೆಲಸಕ್ಕೆ ಸೇರುವವರೆಗೂ ಆ ಮಾತು ಮೂಲೆಯಲ್ಲಿ ಮಲಗಿತ್ತು. ಸೇರಿದ ಮೇಲೆ ಎದ್ದು ಕೂತಿತು. "ಮದುವೆ ಆಗೋವರೆಗೂ ಆಸ್ಪತ್ರೆಗೆ ಹೋಗ್ಲಿ, ಆಮೇಲೆ ಸಾಕು" ಎಂದು ಅಜ್ಜಿ ತೀರ್ಪು ಕೊಟ್ಟಳು. ಅವಳ ಲೆಕ್ಕದಲ್ಲಿ ನಾನು ಇಂಜೆಕ್ಷನ್ ಚುಚ್ಚುವವಳು. ಮಾವನ ಮೇಲೆ ನನಗೆ ಪ್ರೀತಿ ಇಲ್ಲವೆಂದಲ್ಲ. ನನ್ನ ಜಡೆ ಹೆಣೆದು, ಸ್ಲೇಟು ಒರೆಸಿ ಸ್ಕೂಲಿಗೆ ಬಿಟ್ಟು ಬಂದವನು ಅವನು. ಅದಕ್ಕೇ ಅವನನ್ನು ಗಂಡ ಅಂದುಕೊಂಡರೆ ನನಗೆ ಕಣ್ಣು ಕತ್ತಲೆ ಬರುತ್ತಿತ್ತು. ಆದರೆ ಅಜ್ಜಿಯ ಮಾತಿಗೆ ಎದುರಾಡಿದವರು ನಮ್ಮ ಮನೆಯಲ್ಲಿ ಆವರೆಗೆ ಯಾರೂ ಇರಲಿಲ್ಲ. ಮಾವನಿಗೆ ಹೇಗನಿಸುತ್ತಿತ್ತೋ, ಅವನು ಬಾಯೇ ಬಿಡುತ್ತಿರಲಿಲ್ಲ.

ಒಂದು ಭಾನುವಾರ ಅಜ್ಜಿ ಅವರೆಕಾಯಿ ಸುಲಿಯುತ್ತಾ ಕೇಳಿದಳು. "ಏನ್ ಮಾಡ್ತೀಯೇ ಅಲ್ಲಿ ದಿನಾ?"

ನಾನು ಹೇಳಿದೆ. ನಮ್ಮ ಮೈಯಲ್ಲಿ ರೋಗದ ಜೊತೆ ಹೊಡೆದಾಡಲು ಒಂದು ಕಾವಲು ಪಡೆ ಇರುತ್ತದೆ. ಕೆಲವರಲ್ಲಿ ಅದಕ್ಕೆ ತಲೆ ಕೆಟ್ಟು, ಕಳ್ಳನನ್ನು ಬಿಟ್ಟು ಮನೆಯವರನ್ನೇ ಬಡಿಯುತ್ತದೆ. ಒಬ್ಬರಿಗೆ ಕೀಲು, ಒಬ್ಬರಿಗೆ ಮೂತ್ರಪಿಂಡ, ಇನ್ನೊಬ್ಬರಿಗೆ ರಕ್ತ. ಇದು ಒಂದು ಮನೆತನದಲ್ಲಿ ಹೇಗೆ ಇಳಿದು ಬರುತ್ತದೆ ಎಂದು ತಿಳಿಯಬೇಕು. ನ್ಯೂಜಿಲೆಂಡಿನ ಒಂದು ಕಪ್ಪು ಇಲಿ ತಳಿಗೆ ಇಂಥ ರಕ್ತದ ಕಾಯಿಲೆ ತಾನಾಗಿಯೇ ಬರುತ್ತದೆ. ಅದನ್ನು ತರಿಸಿ ಸಾಕಿದ್ದೇವೆ.

"ಇಲೀನಾ!" ಅಜ್ಜಿಯ ಕೈಯಿಂದ ಅವರೆಕಾಳು ಉದುರಿತು. ಸ್ವಲ್ಪ ಸಾವರಿಸಿಕೊಂಡು, "ಹೋಗ್ಲಿ, ಗಣಪ್ಪನ ವಾಹನ. ಸಾಕಿ ಏನ್ಮಾಡ್ತೀಯಾ?" ಎಂದಳು.

"ಕೂಡಿಸಿ ಮರಿ ಮಾಡಿಸ್ತೀನಿ. ಎಲ್ಲಾ ಒಂದೇ ಅಚ್ಚಿನಲ್ಲಿ ಇದ್ರೆ ಮಾತ್ರ ಕಾಯಿಲೆ ಎಲ್ಲಿಂದ ಬಂತು ಅಂತ ಹಿಡಿಯೋಕಾಗೋದು ಅಜ್ಜಿ. ಅದಕ್ಕೆ ಅಣ್ಣನಿಗೆ ತಂಗೀನೇ ತರಬೇಕು. ತಲತಲಾಂತರದಿಂದ ಹಾಗೇ ಮಾಡ್ಕೊಂಡು ಬಂದಿದಾರೆ."

ಅಜ್ಜಿ ಎರಡೂ ಕಿವಿ ಮುಚ್ಚಿಕೊಂಡಳು. "ಶಿವಶಿವಾ! ಅಣ್ಣ ತಂಗಿಗೆ?" ಎಂದು ಕೂಗಿದ್ದಕ್ಕೆ ಒಳಗಿನಿಂದ ಅಮ್ಮ ಓಡಿ ಬಂದಳು. ನಿಜವಾದ ಸಂಕಟದಲ್ಲಿ ನನ್ನ ಮುಖ ನೋಡುತ್ತಾ ಅಜ್ಜಿ ಕೇಳಿದಳು:

"ಯಾಕೇ, ಆ ಇಲಿಗಳಿಗೆ ಸೋದರಮಾವ ಯಾರೂ ಇರ್ಲಿಲ್ವೇನೇ?"

೨. ಬಸ್ಸಿನಲ್ಲಿ

ಪ್ರಯೋಗಶಾಲೆಯಲ್ಲಿ ನನಗೊಬ್ಬಳು ಗೆಳತಿ ಇದ್ದಳು. ಇಲಿಕೋಣೆಯ ಉಸ್ತುವಾರಿ ಅವಳದು. ವಿಜಯನಗರದಲ್ಲಿ ಬಸ್ಸು ಹತ್ತಿದರೆ ಸುಂಕದಕಟ್ಟೆವರೆಗೂ ನಮ್ಮ ಮಾತು ಇಲಿಗಳದ್ದೇ. ಸುತ್ತ ಜನ ಇದ್ದಾರೆ, ಅವರಿಗೂ ಕಿವಿ ಇದೆ ಎಂಬುದು ನಮಗೆ ಹೊಳೆದೇ ಇರಲಿಲ್ಲ.

ಅವತ್ತು ಅವಳು ಕೂತ ಕೂಡಲೇ ಶುರುಮಾಡಿದಳು. "ಪಾಪ, ನಿನ್ನೆ ಹೆತ್ತಳು ಕಣೇ. ಒಂದು ರಾಶಿ ಮಕ್ಕಳು."

"ಎಲ್ಲಾ ಚೆನ್ನಾಗಿದಾವಾ?"

"ಎಲ್ಲಿ! ಎರಡನ್ನ ಅವಳೇ ತಿಂದ್ಬಿಟ್ಳು."

ಮುಂದಿನ ಸೀಟಿನಲ್ಲಿ ಸೇವಂತಿಗೆ ಹೂವು ಕಟ್ಟುತ್ತಿದ್ದ ಹೆಂಗಸು ಕೈ ನಿಲ್ಲಿಸಿದರು.

"ಅಯ್ಯೋ. ಗಂಡ ಏನ್ಮಾಡ್ತಿದ್ದ?" ಎಂದೆ ನಾನು.

"ಅವನೇನ್ ಮಾಡ್ತಾನೆ, ಮೂಲೇಲಿ ಕೂತು ಮೀಸೆ ತಿಕ್ಕೊಳ್ತಿದ್ದ. ಎಷ್ಟೇ ಆದ್ರೂ ಅವನು ಅವಳ ಅಣ್ಣಾನೇ ಅಲ್ವಾ."

ಅಕ್ಕಪಕ್ಕದ ಸೀಟಿನವರೆಲ್ಲ ನಮ್ಮ ಕಡೆ ತಿರುಗಿದರು. ನನಗದು ಗೊತ್ತಾಗಲಿಲ್ಲ. "ಮುಂದಿನ ವಾರ ಅವಳನ್ನ ಕೊಯ್ದು ನೋಡೋಣ, ಒಳಗೆ ಏನಾಗಿದೆ ಅಂತ" ಎಂದುಬಿಟ್ಟೆ.

ಕೋಟು, ಕೊಡೆ ಹಿಡಿದ ಹಿರಿಯರೊಬ್ಬರು ಎದ್ದು ನಿಂತರು. "ಏನಮ್ಮ, ಓದಿದ ಹೆಣ್ಮಕ್ಕಳ ಥರ ಕಾಣ್ತೀರಾ. ಇಂಥ ಅನಾಚಾರ ನಡೀತಾ ಇದೆ, ಪೊಲೀಸಿಗೆ ಹೇಳಿದೀರೋ ಇಲ್ವೋ?"

ನನ್ನ ಗೆಳತಿ ಮುಗ್ಧವಾಗಿ ತಿರುಗಿದಳು. "ಪೊಲೀಸ್ ಯಾಕೆ ಸಾರ್? ನಮ್ಮ ಪ್ರೊಫೆಸರೇ ಮುಂದೆ ನಿಂತು ಇಬ್ಬರನ್ನೂ ಕೂಡಿಸಿದ್ದು."

ಕಂಡಕ್ಟರ್ ಸೀಟಿ ಊದಿ ಬಸ್ಸು ನಿಲ್ಲಿಸಿದ. ಇಲಿ ಕಣ್ರೀ, ಇಲಿ, ಎಂದು ನಾವಿಬ್ಬರೂ ಕೂಗಿಕೊಂಡ ಮೇಲೆ ಕೆಲವರು ನಕ್ಕರು. ಹೂವಿನ ಹೆಂಗಸು ನಗಲಿಲ್ಲ. ಅವರು ನಮ್ಮ ಬೀದಿಯವರೇ ಎಂದು ನನಗೆ ಗೊತ್ತಾದದ್ದು ಸಂಜೆ, ಅಜ್ಜಿ ಬಾಗಿಲಲ್ಲೇ ನಿಂತು ಕಾಯುತ್ತಿದ್ದಾಗ. "ಇನ್ನು ತಡ ಮಾಡೋ ಹಂಗಿಲ್ಲ. ಕಾರ್ತಿಕದಲ್ಲಿ ಮದುವೆ" ಎಂದಳು.

ಆ ರೂಟಿನ ಬಸ್ಸಿನಲ್ಲಿ ಸೀಟಿಗಾಗಿ ಜನ ಕಿತ್ತಾಡುತ್ತಿದ್ದ ಕಾಲ ಅದು. ಮರುದಿನದಿಂದ ನಮ್ಮ ಪಕ್ಕದ ಸೀಟು ಮಾತ್ರ ಕೊನೆಯ ಸ್ಟಾಪಿನವರೆಗೂ ಖಾಲಿ.

೩. ಗೌಡರ ಉಡುಗೊರೆ

ಪ್ರಯೋಗಶಾಲೆಯ ಪಕ್ಕದ ರಾಗಿ ಹೊಲ ಹಳ್ಳಿಯ ಗೌಡರೊಬ್ಬರದು. ಒಳ್ಳೆ ಮನುಷ್ಯ. ಹೊಲಕ್ಕೆ ಬಂದಾಗಲೆಲ್ಲ ನಮ್ಮ ಬೇಲಿಯ ಹತ್ತಿರ ನಿಂತು ಪ್ರೊಫೆಸರರ ಯೋಗಕ್ಷೇಮ ವಿಚಾರಿಸಿಕೊಂಡು ಹೋಗುವರು. ಒಳಗೆ ಏನಿದೆ ನೋಡಬೇಕೆಂದು ಬಹಳ ದಿನದ ಆಸೆ ಅವರಿಗೆ. ಒಂದು ದಿನ ಪ್ರೊಫೆಸರರು ಕರೆದು ಕಿಟಕಿಯ ಗಾಜಿನಿಂದ ಇಲಿಕೋಣೆ ತೋರಿಸಿದರು.

ಗೌಡರು ಮೂಗಿನ ತುದಿ ಗಾಜಿಗೆ ಒತ್ತಿ ನಿಂತರು. ಸಾಲಾಗಿ ಗೂಡುಗಳು, ಒಳಗೆ ಮರದ ಹೊಟ್ಟಿನ ಹಾಸಿಗೆ, ಬಾಟಲಿಯಲ್ಲಿ ಕಾಯಿಸಿ ಆರಿಸಿದ ನೀರು. ನನ್ನ ಗೆಳತಿ ಹಾಲಿನ ಪುಡಿ, ಗೋಧಿ, ಕಡಲೆಕಾಯಿ ಬೀಜ ಸೇರಿಸಿ ಉಂಡೆ ಕಟ್ಟುತ್ತಿದ್ದಳು.

"ಇವಕ್ಕಾ ಹಾಲಿನ ಪುಡಿ?" ಗೌಡರು ಕೂಗಿದರು. "ನನ್ನ ಮೊಮ್ಮಗನಿಗೆ ಸಿಗ್ತಾ ಇಲ್ಲ ಸಾರ್! ನಾವು ಪಾಷಾಣ ಹಾಕಿ ಸಾಯಿಸ್ತೀವಿ, ನೀವು ಉಂಡೆ ಕಟ್ಟಿ ತಿನ್ನಿಸ್ತೀರಾ!"

ಪ್ರೊಫೆಸರರು ಸಮಾಧಾನವಾಗಿ ವಿವರಿಸಿದರು. ಇದು ಕಾಯಿಲೆ ಇಲಿ. ವಂಶ ಉಳಿಸಿಕೊಳ್ಳುವುದೇ ಕಷ್ಟ. ಮರಿ ಕಡಿಮೆ, ಬದುಕುವುದು ಇನ್ನೂ ಕಡಿಮೆ. ಗೌಡರು ತಲೆ ಆಡಿಸುತ್ತಾ ಕೇಳಿಸಿಕೊಂಡರು. ಬೇಸಾಯಗಾರರಿಗೆ ಇಂಥ ಕಷ್ಟ ಅರ್ಥವಾಗುತ್ತದೆ. ಅರ್ಥವಾದದ್ದೇ ತಪ್ಪಾಯಿತು.

ಎರಡು ದಿನ ಬಿಟ್ಟು ಗೌಡರು ಬಂದರು. ಹೆಗಲ ಮೇಲೆ ಗೋಣಿಚೀಲ. ಚೀಲ ತನ್ನಷ್ಟಕ್ಕೆ ತಾನೇ ಒದ್ದಾಡುತ್ತಿತ್ತು. ನಮ್ಮೆಲ್ಲರ ನಡುವೆ ಅದನ್ನು ಇಳಿಸಿ, ಬೆವರು ಒರೆಸಿಕೊಂಡು, "ನಿಮ್ಮವು ಬಲೇ ಬಡಕಲು ಸಾರ್. ಇವು ರಾಗಿ ತಿಂದು ಬೆಳೆದವು. ತಳಿಗೆ ಬಿಟ್ಕೊಳ್ಳಿ" ಎಂದು ಹಗ್ಗ ಬಿಚ್ಚಿದರು.

ಹೊರಗೆ ಬಂದದ್ದು ಇಲಿಯಲ್ಲ, ಹೆಗ್ಗಣ. ಒಂದೊಂದೂ ಬೆಕ್ಕಿನ ಮರಿಯಷ್ಟು. ಗೆಳತಿ ಕಿರುಚಿಕೊಂಡು ಇಲಿಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ನಾನು ಸ್ಟೂಲ್ ಹತ್ತಿದೆ. ಜೀವಮಾನವೆಲ್ಲ ಇಲಿಗಳ ಜೊತೆ ಕಳೆದ ಪ್ರೊಫೆಸರರು ಮೇಜು ಹತ್ತಿದರು. ಪಂಚೆ ಮೊಳಕಾಲವರೆಗೆ ಎತ್ತಿಕೊಂಡು ಮೇಲಿನಿಂದಲೇ ಕೂಗಿದರು.

"ಗೌಡ್ರೇ, ಇದರಲ್ಲಿ ಒಂದು ಒಳಗೆ ನುಗ್ಗಿದ್ರೂ ನಮ್ಮ ವಂಶ ನಿರ್ವಂಶ!"

ಗೌಡರು ಮೇಜಿನ ಹತ್ತಿರ ಬಂದು ಅವರ ಪಾದ ತಟ್ಟಿ ಧೈರ್ಯ ಹೇಳಿದರು. "ಹಂಗೆಲ್ಲ ಎದೆಗುಂದಬೇಡಿ ಸಾರ್. ವಂಶ ಬೆಳೆಸೋ ವಿಷಯದಲ್ಲಿ ಇವು ಎತ್ತಿದ ಕೈ."

೪. ಮಾವ ನೋಡಲು ಬಂದದ್ದು

ಕಾರ್ತಿಕಕ್ಕೆ ಎರಡೇ ತಿಂಗಳು ಉಳಿದಿತ್ತು. ಮದುವೆಗೆ ಮುಂಚೆ ಹುಡುಗಿ ಕೆಲಸ ಮಾಡುವ ಜಾಗ ಎಂಥದ್ದು ನೋಡಿಕೊಂಡು ಬಾ ಎಂದು ಅಜ್ಜಿ ಮಾವನನ್ನು ಅಟ್ಟಿದಳು. ಅವನು ಇಸ್ತ್ರಿ ಶರ್ಟು ಹಾಕಿಕೊಂಡು, ಕ್ರಾಪಿಗೆ ಎಣ್ಣೆ ಹಚ್ಚಿಕೊಂಡು ಬಂದ. ನೆತ್ತಿಯಲ್ಲಿ ಬಾಚಲು ಏನೂ ಉಳಿದಿರಲಿಲ್ಲ, ಆದರೂ ಬಾಚಿದ್ದ. ಕಾರ್ಖಾನೆಯಲ್ಲಿ ಕಬ್ಬಿಣದ ದಿಮ್ಮಿಗಳನ್ನು ಒಬ್ಬನೇ ಎತ್ತುವ ಆಳು ಎಂದು ಅವನ ಹೆಸರು.

ನಾನು ಒಂದು ಕಪ್ಪು ಇಲಿಯನ್ನು ಅಂಗೈ ಮೇಲೆ ಇಟ್ಟುಕೊಂಡು ತೋರಿಸಿದೆ. ಕಾಯಿಲೆ ಬಲಿತ ಇಲಿ. ಕಪ್ಪು ಮೈ, ಪಾದ ಮಾತ್ರ ಸುಣ್ಣದಂತೆ ಬಿಳಿಚಿಕೊಂಡಿತ್ತು.

"ಇದಕ್ಕೆ ಯಾಕೆ ಹಿಂಗಾಯ್ತು?" ಮಾವ ಕೇಳಿದ.

"ಇದರ ರಕ್ತಾನ ಇದೇ ಒಡೆದು ಹಾಕ್ತಾ ಇದೆ. ಕಾಯಿಲೆ ಇವರ ಮನೆತನದ್ದು."

"ಅಣ್ಣ ತಂಗಿ ಮದುವೆ ಆದದ್ದಕ್ಕೆ ಬಂತಾ?"

"ಹಾಗಲ್ಲ ಮಾವ. ಹತ್ತಿರದ ಸಂಬಂಧ ಆದ ಮಾತ್ರಕ್ಕೆ ಕಾಯಿಲೆ ಹುಟ್ಟಲ್ಲ. ಆದರೆ ಮನೇಲಿ ಏನಾದರೂ ಅಡಗಿಕೊಂಡಿದ್ರೆ ಅದು ಅಪ್ಪನ ಕಡೆಯಿಂದಾನೂ ಅಮ್ಮನ ಕಡೆಯಿಂದಾನೂ ಬಂದು ಮಗೂನಲ್ಲಿ ಜೊತೆಯಾಗೋ ಸಾಧ್ಯತೆ ಜಾಸ್ತಿ."

ಮಾವ ಬಹಳ ಹೊತ್ತು ಆ ಬಿಳಿ ಪಾದವನ್ನೇ ನೋಡಿದ. ಆಮೇಲೆ ತನ್ನ ಬೆರಳು ನೋಡಿಕೊಂಡ. "ನಮ್ಮಮ್ಮನ ಬೆರಳು ಸೊಟ್ಟಗಾಗಿ ಎಷ್ಟು ವರ್ಷ ಆಯ್ತು. ಈಗ ಅಕ್ಕನಿಗೂ ಬೆಳಗ್ಗೆ ಬೆರಳು ಮಡಿಸೋಕಾಗಲ್ಲ" ಎಂದ. ಅವನ ಅಕ್ಕ ಎಂದರೆ ನನ್ನ ಅಮ್ಮ. ಅವರಿಬ್ಬರದೂ ಕೀಲುವಾತ. ಕಾವಲು ಪಡೆ ಮನೆಯವರನ್ನೇ ಬಡಿಯುವ ಕಾಯಿಲೆಗಳಲ್ಲಿ ಅದೂ ಒಂದು. ದಿನಾ ಇಲಿಗಳ ಮನೆತನ ನೋಡುತ್ತಿದ್ದ ನನಗೆ ನನ್ನ ಮನೆತನ ಕಂಡಿರಲಿಲ್ಲ.

"ಅಜ್ಜಿಗೆ ಹೇಳು ಮಾವ" ಎಂದೆ.

"ನೀನೇ ಹೇಳೇ. ಓದಿದವಳು."

"ಮಗ ನೀನು."

"ನಿನ್ನ ಜಡೆ ಹಾಕಿ ಸ್ಕೂಲಿಗೆ ಬಿಟ್ಟವನು ನಾನು. ಈಗ ತಾಳಿ ಕಟ್ಟು ಅಂದ್ರೆ ನನಗೇನು ಸಂತೋಷವಾ? ಆದ್ರೂ ಅಮ್ಮನ ಮುಂದೆ ನಿಂತ್ರೆ ನಾಲಗೆ ಏಳಲ್ಲ ಕಣೇ." ಮದುವೆಯ ವಿಷಯದಲ್ಲಿ ಅವನು ಬಾಯಿ ಬಿಟ್ಟದ್ದು ಅದೇ ಮೊದಲು. ನನಗೆ ಅಳು ಬಂದಂತಾಯಿತು, ಸಮಾಧಾನವೂ ಆಯಿತು.

ಅಷ್ಟರಲ್ಲಿ ರಕ್ತಪರೀಕ್ಷೆಗೆ ಹೊತ್ತಾಯಿತೆಂದು ನಾನು ಇಲಿಯ ಬಾಲದ ತುದಿಯಿಂದ ಒಂದು ಹನಿ ರಕ್ತ ತೆಗೆದೆ. ಒಂದೇ ಹನಿ. ಹಿಂದೆ ಧೊಪ್ಪೆಂದು ಸದ್ದಾಯಿತು. ತಿರುಗಿದರೆ ಕಬ್ಬಿಣದ ದಿಮ್ಮಿ ಎತ್ತುವ ಆಳು ನೆಲದ ಮೇಲೆ ಉದ್ದಕ್ಕೆ ಮಲಗಿದ್ದ. ನಾನು, ಗೆಳತಿ ಸೇರಿ ಎತ್ತಿ ಕೂರಿಸಿ, ಮುಖಕ್ಕೆ ನೀರು ಹೊಡೆದು, ಇಲಿಯ ಪಾಲಿನ ಹಾಲಿನ ಪುಡಿಯಲ್ಲೇ ಒಂದು ಲೋಟ ಹಾಲು ಕಲಸಿ ಕುಡಿಸಿದೆವು.

ಮನೆಗೆ ಹೋಗಿ ಅವನು ಅಜ್ಜಿಗೆ ಎಲ್ಲವನ್ನೂ ಹೇಳುತ್ತಾನೆಂದು ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಅಜ್ಜಿಯ ಮುಖ ನೋಡಿದ ಕೂಡಲೇ ಅವನು ಮಾತು ತಿರುಗಿಸಿದ. "ಜಾಗ ಚೆನ್ನಾಗಿದೆಯಮ್ಮ. ನಾನು ಬಿದ್ದೆ, ಇವಳೇ ಎತ್ತಿ ಕೂರಿಸಿ ಹಾಲು ಕುಡಿಸಿದ್ಲು" ಎಂದಷ್ಟೇ ಹೇಳಿದ.

ಅಜ್ಜಿ ಹಿಗ್ಗಿ ಹೀರೇಕಾಯಿಯಾಗಿ ಅಮ್ಮನನ್ನು ಕೂಗಿ ಕರೆದಳು. "ಕೇಳಿದೇನೇ? ಮದುವೆಗೆ ಮುಂಚೇನೇ ಎಷ್ಟು ಅಕ್ಕರೆ ನೋಡು!"

೫. ಅಕ್ಕಿ ಅಂಗಡಿ ಗಂಡು

ಆಮೇಲೆ ನಮ್ಮಲ್ಲಿ ಮುಷ್ಕರ ಶುರುವಾಯಿತು. ಗೇಟಿಗೆ ಬೀಗ ಬೀಳುವ ಸೂಚನೆ ಕಂಡ ಕೂಡಲೇ ಪ್ರೊಫೆಸರರು ಮುಖ್ಯವಾದ ಗೂಡುಗಳನ್ನು ತಮ್ಮ ಮನೆಗೆ ಸಾಗಿಸಿ, ಉಳಿದ ಜೋಡಿಗಳನ್ನು ನಮಗೆ ಹಂಚಿದರು. ನನ್ನ ಪಾಲಿಗೆ ಬಂದದ್ದು ಒಂದು ಎಳೆಯ ಜೋಡಿ. ಅಣ್ಣ, ತಂಗಿ. ಇನ್ನೂ ಮರಿ ಹಾಕಿರಲಿಲ್ಲ. ಅವನ್ನು ಮನೆಗೆ ತಂದು ಎರಡು ದಿನವಾಗಿತ್ತು, ರಕ್ತಪರೀಕ್ಷೆಯ ಹೊಸ ವಿಧಾನ ಕಲಿತು ಬರಲು ನನ್ನನ್ನು ಒಂದು ತಿಂಗಳು ಬೊಂಬಾಯಿಗೆ ಕಳಿಸಿದರು.

ಗೂಡು ಅಜ್ಜಿಯ ಸುಪರ್ದಿಗೆ ಬಂತು. ಬೇರೆ ದಾರಿ ಇರಲಿಲ್ಲ. ಅಮ್ಮನಿಗೆ ಇಲಿ ಕಂಡರೆ ಭಯ, ಮಾವನ ವಿಷಯ ಹೇಳಿದ್ದೇನೆ. ಅಜ್ಜಿ ಮಾತ್ರ ಕನ್ನಡಕ ಏರಿಸಿಕೊಂಡು ಎಲ್ಲವನ್ನೂ ಶ್ರದ್ಧೆಯಿಂದ ಕೇಳಿದಳು. ಗಂಡು ಯಾವುದು, ಹೆಣ್ಣು ಯಾವುದು, ಗುರುತಿಸುವುದು ಹೇಗೆ, ಪಾದ ಬಿಳಿಚಿಸುವ ಆ ಕಾಯಿಲೆ ಮರಿಗೆ ಬರುವುದು ಹೇಗೆ, ಒಂದನ್ನೂ ಬಿಡಲಿಲ್ಲ. ಕಾಯಿಲೆಯ ಬಗ್ಗೆ ಮಾವನಿಗೆ ಹೇಳಿದ್ದನ್ನೇ ಅವಳಿಗೂ ಹೇಳಿದೆ. ನಾನು ದೊಡ್ಡ ಪಂಡಿತೆಯಂತೆ ಬಾಲ ಎತ್ತಿ ತೋರಿಸಿಕೊಟ್ಟೆ. "ಕಾಳು, ನೀರು ಅಷ್ಟೇ ಅಜ್ಜಿ. ಇನ್ನೇನೂ ಮುಟ್ಟಬೇಡ" ಎಂದು ಹೇಳಿ ರೈಲು ಹತ್ತಿದೆ.

ತಿಂಗಳು ಕಳೆದು ಬೆಳಗಿನ ಹೊತ್ತು ಮನೆಗೆ ಬಂದೆ. ಟ್ರಂಕು ಇಳಿಸುವ ಮೊದಲೇ ಗೂಡಿನ ಹತ್ತಿರ ಓಡಿದೆ. ಗೂಡಿಗೆ ಮೂರು ಬೆರಳು ವಿಭೂತಿ ಎಳೆದಿತ್ತು, ಮೂಲೆಯಲ್ಲಿ ಬಾಡಿದ ಸೇವಂತಿಗೆ. ಒಳಗೆ ಕಪ್ಪು ತಂಗಿ ಮಲಗಿತ್ತು. ಅದರ ಹೊಟ್ಟೆಗೆ ಅಂಟಿಕೊಂಡು ಮರಿಗಳು. ಮೈಮೇಲೆ ಆಗಷ್ಟೇ ಕೂದಲು ಮೂಡಿತ್ತು. ಆ ಕೂದಲು ಕಪ್ಪಾಗಿರಬೇಕಿತ್ತು. ಕಪ್ಪು ಇಲಿಗೂ ಕಪ್ಪು ಇಲಿಗೂ ಕಪ್ಪೇ ಹುಟ್ಟಬೇಕು, ಇದರಲ್ಲಿ ಮಾತೇ ಇಲ್ಲ. ಇವೆಲ್ಲ ಮಣ್ಣಿನ ಬಣ್ಣ.

ಆಗ ಹೊಟ್ಟಿನ ರಾಶಿಯಿಂದ ಒಂದು ಮುಖ ಮೇಲೆ ಬಂತು. ಉದ್ದ ಮೀಸೆ, ಮಣ್ಣಿನ ಬಣ್ಣ, ಅಡುಗೆಮನೆ ಅಟ್ಟದಲ್ಲಿ ಓಡಾಡುವ ಅಪ್ಪಟ ರಾಜಾಜಿನಗರದ ಇಲಿ. ಅತ್ತೆ ಮನೆಗೆ ಬಂದ ಅಳಿಯನ ಗತ್ತಿನಲ್ಲಿ ಕೂತು ನನ್ನನ್ನು ನೋಡಿತು.

"ಅಜ್ಜೀ!" ಎಂದು ನಾನು ಹಾಕಿದ ಕೂಗಿಗೆ ಪಕ್ಕದ ಮನೆಯ ಕಿಟಕಿಗಳು ತೆರೆದುಕೊಂಡವು.

ಅಜ್ಜಿ ನಿಧಾನವಾಗಿ ಸೆರಗಿಗೆ ಕೈ ಒರೆಸಿಕೊಂಡು ಬಂದಳು. "ಯಾಕ್ ಕೂಗ್ತೀಯಾ, ಬಾಣಂತಿ ಮಲಗಿದಾಳೆ."

"ಅಣ್ಣ ಎಲ್ಲಿ?"

ಅಣ್ಣ ವನಸ್ಪತಿ ಡಬ್ಬದಲ್ಲಿದ್ದ. ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದು, ಒಳಗೆ ಹಳೇ ಸೀರೆ ತುಂಡು ಹಾಸಿ ಬೇರೆ ಸಂಸಾರ ಇಡಿಸಿದ್ದಳು. ಕೊಬ್ಬರಿ ತಿಂದು ತಿಂದು ಅವನು ಕೊಬ್ಬಿದ್ದ.

"ಒಡಹುಟ್ಟಿದವರನ್ನ ಒಂದೇ ಗೂಡಲ್ಲಿ ಇಟ್ಟು ಹೋದೆಯಲ್ಲ, ನನಗೆ ಅನ್ನ ಸೇರ್ಲಿಲ್ಲ ಕಣೇ" ಎಂದು ಅಜ್ಜಿ ಶುರುಮಾಡಿದಳು. "ಶಿವಪೂಜೆ ಮಾಡೋ ಮನೇಲಿ ಇಂಥದ್ದು ನಡೆಯೋಕೆ ಬಿಡ್ತೀನಾ? ಬೋನು ಇಟ್ಟೆ. ಮೊದಲು ಬಿದ್ದದ್ದು ಹೆಣ್ಣು, ಬಿಟ್ಟೆ. ಆಮೇಲೊಂದು ಗಂಡು ಬಂತು, ಬಾಲ ಮೊಂಡು. ಅಂಗಹೀನ ನಮ್ಮ ಹುಡುಗಿಗೆ ಯಾಕೆ ಅಂತ ಅದನ್ನೂ ಬಿಟ್ಟೆ. ಇವನು ನೋಡು, ಲಕ್ಷಣವಾಗಿದಾನೆ. ಮೂಲೆ ಮನೆ ಅಕ್ಕಿ ಅಂಗಡಿಯವರ ಗೋಡೌನಿನಿಂದ ಬಂದವನು. ಉಣ್ಣೋಕೆ ಉಡೋಕೆ ಕಡಿಮೆ ಇಲ್ಲ. ಸೋಮವಾರ ನೋಡಿ ಕೂಡಿಸಿದೆ."

ನಾನು ಗೂಡು ಎತ್ತಿಕೊಂಡು ಅಳುತ್ತಾ ಬಸ್ಸು ಹತ್ತಿದೆ. ಮುಷ್ಕರ ಮುಗಿದಿತ್ತು. ಪ್ರೊಫೆಸರರು ಅಂಗಳದಲ್ಲೇ ಸಿಕ್ಕಿದರು. ಗೂಡಿನೊಳಗೆ ಇಣುಕಿ ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಇಣುಕಿದರು. ನಲವತ್ತು ದಾಟಿದ ಮೇಲೆ ಅವರು ಬಿಳಿಚಿಕೊಂಡದ್ದನ್ನು ಯಾರೂ ಕಂಡಿರಲಿಲ್ಲವಂತೆ, ನಾನು ಕಂಡೆ.

"ಹೊರಗಿನ ಇಲಿಯ ಹೇನು, ಸೋಂಕು ಎಲ್ಲಾ ಇರುತ್ತೆ. ಈ ಗೂಡು ಇನ್ನು ಒಳಗೆ ಬರೋ ಹಾಗಿಲ್ಲ. ನಿಮ್ಮ ಮನೇಲೇ ಇರಲಿ" ಎಂದರು. ಮುಖ್ಯ ಗೂಡುಗಳು ಕ್ಷೇಮವಾಗಿದ್ದುದರಿಂದ ನನ್ನ ಸಂಶೋಧನೆ ಬದುಕಿತು. ಆಮೇಲೆ ಅಭ್ಯಾಸಬಲದಿಂದ ಪೆನ್ನು ತೆಗೆದು ಕೇಳಿದರು, "ಗಂಡು ಯಾವ ತಳಿ?"

ನಾನು ಕಣ್ಣು ಒರೆಸಿಕೊಂಡು ಹೇಳಿದೆ.

"ಅಕ್ಕಿ ಅಂಗಡಿಯವರದು ಸಾರ್."

೬. ಮುಹೂರ್ತ

ಗೂಡು ಎತ್ತಿಕೊಂಡು ಮನೆಗೆ ವಾಪಸು ಬಂದಾಗ ಸಂಜೆ. ಹೊಸಿಲಲ್ಲೇ ನಿಂತುಬಿಟ್ಟೆ. ನಡುಮನೆಯಲ್ಲಿ ಚಾಪೆ ಹಾಸಿತ್ತು. ಅಯ್ಯನೋರು, ಎಂದರೆ ನಮ್ಮ ಮನೆಯ ಮದುವೆ ನಾಮಕರಣಕ್ಕೆಲ್ಲ ಬರುವ ಪುರೋಹಿತರು, ಪಂಚಾಂಗ ಬಿಚ್ಚಿಕೊಂಡು ಕೂತಿದ್ದರು. ಎದುರಿಗೆ ಅಜ್ಜಿ. ಗೋಡೆಗೆ ಒರಗಿ ಮಾವ, ನೇಣಿಗೆ ಹೋಗುವವನ ಮುಖ. ನಾನು ಬೊಂಬಾಯಿಯಿಂದ ಬರುವುದನ್ನೇ ಕಾದಿದ್ದರು. ಅವತ್ತು ದಿನ ಗೊತ್ತುಮಾಡುವುದೆಂದು ನಿಶ್ಚಯವಾಗಿತ್ತು. ನನಗೊಬ್ಬಳಿಗೇ ಗೊತ್ತಿರಲಿಲ್ಲ.

"ಬಂದಳು ನೋಡಿ ಮದುಮಗಳು" ಎಂದಳು ಅಜ್ಜಿ.

ಅಯ್ಯನೋರ ಕಣ್ಣು ನನ್ನ ಕೈಲಿದ್ದ ಗೂಡಿನ ಮೇಲೆ ಬಿತ್ತು. "ಅದೇನಮ್ಮ ಅದು, ವಿಭೂತಿ ಹಚ್ಚಿದೀರಾ?"

ಅಜ್ಜಿಗೆ ಅಷ್ಟೇ ಬೇಕಿತ್ತು. ಗೂಡನ್ನು ನನ್ನ ಕೈಯಿಂದ ಇಸಕೊಂಡು ಚಾಪೆಯ ಮೇಲೆ ಪಂಚಾಂಗದ ಪಕ್ಕದಲ್ಲೇ ಇಟ್ಟಳು. ಅಣ್ಣ ತಂಗಿಯ ಕಥೆ ಬಂತು, ಬೋನು ಬಂತು, ಮೊಂಡು ಬಾಲದ ಗಂಡು ಬಂತು, ಅಕ್ಕಿ ಅಂಗಡಿಯ ಗಂಡು ಬಂದ. ಅಯ್ಯನೋರು ಹೌಹಾರಿ, "ಶಿವಶಿವಾ, ಒಂದೇ ಹೊಟ್ಟೇಲಿ ಹುಟ್ಟಿದವರಿಗೆ ಸಂಬಂಧವೇ!" ಎಂದು ಕೆನ್ನೆ ಕೆನ್ನೆ ಬಡಿದುಕೊಂಡರು.

ಕೇಳುವವರು ಸಿಕ್ಕಿದರೆ ಅಜ್ಜಿಯನ್ನು ಹಿಡಿಯುವವರು ಯಾರು? "ಅದೇ ನಾನೂ ಹೇಳಿದ್ದು. ಇವಳೇ ಹೇಳಿದ್ದಾಳೆ ಕೇಳಿ, ಮನೆಯೊಳಗೇ ಕೊಟ್ಟು ತಂದು ಮಾಡಿದ್ರೆ ಮನೇಲಿರೋ ಕಾಯಿಲೆ ಎರಡೂ ಕಡೆಯಿಂದ ಬಂದು ಮಕ್ಕಳ ಮೇಲೆ ಕೂರುತ್ತಂತೆ. ಪಾಪ, ಪಾದ ಎಲ್ಲಾ ಬಿಳಿಚಿಕೊಳ್ತಾವಂತೆ. ಗಂಡು ಹೊರಗಿಂದ ಬರಬೇಕು ಅಯ್ಯನೋರೇ! ಸಂಬಂಧವೇ ಇಲ್ಲದ ಮನೆಯಿಂದ ತಂದೆ. ನೋಡಿ ಮರಿಗಳು ಹೆಂಗಿವೆ, ಗುಂಡುಕಲ್ಲು!"

ಆ ಮರಿಗಳು ಗುಂಡುಕಲ್ಲೋ ಅಲ್ಲವೋ ಎಂದು ತಿಳಿಯಲು ತಿಂಗಳುಗಟ್ಟಲೆ ಕಾಯಬೇಕು, ರಕ್ತ ಪರೀಕ್ಷೆ ಮಾಡಬೇಕು, ಅವುಗಳ ಮೊಮ್ಮಕ್ಕಳನ್ನೂ ನೋಡಬೇಕು. ಅದನ್ನು ಆಗಲೇ ಹೇಳುವಷ್ಟು ದಡ್ಡಿ ನಾನಲ್ಲ.

ಅಮ್ಮ ಕಾಫಿ ಲೋಟ ಹಿಡಿದು ಅಡುಗೆಮನೆ ಬಾಗಿಲಿಗೆ ಬಂದವಳು ಅಲ್ಲೇ ನಿಂತಳು. ಬೆರಳು ಸರಿಯಾಗಿ ಮಡಿಸಲಾಗದೆ ಎರಡೂ ಅಂಗೈಯಿಂದ ಲೋಟ ಒತ್ತಿ ಹಿಡಿದಿದ್ದಳು. ಅಯ್ಯನೋರು ಒಮ್ಮೆ ಅಜ್ಜಿಯನ್ನು ನೋಡಿದರು, ಒಮ್ಮೆ ಮಾವನನ್ನು, ಒಮ್ಮೆ ನನ್ನನ್ನು. ಪಂಚಾಂಗದ ಹಾಳೆ ಮೇಲಿದ್ದ ಬೆರಳು ಹಿಂದಕ್ಕೆ ಬಂತು. ಅಜ್ಜಿ ಇನ್ನೂ ನಗುತ್ತಿದ್ದಳು. ಎಲ್ಲರೂ ಯಾಕೆ ಸುಮ್ಮನಾದರು ಎಂದು ಒಂದು ಕ್ಷಣ ಸುತ್ತ ನೋಡಿದಳು. ಆಮೇಲೆ ಆ ನಗು ತುಟಿಯ ಮೇಲೆ ಹಾಗೇ ನಿಂತಿತು. ನನ್ನ ಅಜ್ಜಿ ಹೌಹಾರಿದ್ದನ್ನು ಬೇಕಾದಷ್ಟು ಸಲ ನೋಡಿದ್ದೆ. ತನ್ನ ಮಾತಿಗೇ ತಾನು ಹೌಹಾರಿದ್ದನ್ನು ನೋಡಿದ್ದು ಅದೊಂದೇ ಸಲ.

ಗೋಡೆಗೆ ಒರಗಿದ್ದ ಮಾವ ನೆಟ್ಟಗಾದ. ಒಂದು ಹನಿ ರಕ್ತಕ್ಕೆ ಬಿದ್ದವನು, ಈಗ ಬೀಳಲಿಲ್ಲ. "ಅಮ್ಮಾ" ಎಂದ. ದನಿ ಕೀರಲಾಗಿತ್ತು. "ಆ ಇಲಿಗೆ ನೋಡಿದ 'ಹೊರಗಿನ ಸಂಬಂಧ' ನಮಗೂ ನೋಡಮ್ಮಾ. ಇವಳಿಗೆ ಬೇರೆ, ನನಗೆ ಬೇರೆ."

ಅಜ್ಜಿ ಅವನನ್ನು ಸುಡುವಂತೆ ನೋಡಿದಳು. ನಾನು ಕಣ್ಣು ಮುಚ್ಚಿಕೊಂಡೆ. ಬೈಗುಳ ಬರಲಿಲ್ಲ. ಕಣ್ಣು ಬಿಟ್ಟರೆ ಅವಳು ತನ್ನ ಸೊಟ್ಟ ಬೆರಳುಗಳನ್ನು ನೋಡುತ್ತಿದ್ದಳು, ಆಮೇಲೆ ಬಾಗಿಲಲ್ಲಿ ನಿಂತ ಮಗಳ ಬೆರಳುಗಳನ್ನು.

"ತೊಟ್ಟಿಲ ಮುಂದೆ ಮಾತು ಕೊಟ್ಟಿದ್ದೀನಲ್ಲೇ" ಎಂದಳು ಮೆಲ್ಲಗೆ.

ಅಮ್ಮ ಲೋಟ ಕೆಳಗಿಟ್ಟಳು. "ಮಾತು ಕೊಟ್ಟದ್ದು ನನಗೆ ತಾನೇ ಅಮ್ಮ? ನಾನೇ ವಾಪಸ್ ಕೊಟ್ಟೆ, ತಗೋ" ಎಂದಳು. ಅಮ್ಮ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನನ್ನ ಕಣ್ಣು ತುಂಬಿ ಬಂದು ಗೂಡು, ಪಂಚಾಂಗ, ಮಾವ ಎಲ್ಲಾ ಒಂದಾಗಿ ಕಾಣಿಸಿತು. ಅಯ್ಯನೋರು ಪಂಚಾಂಗ ಮಡಚಿ ಚೀಲಕ್ಕೆ ಹಾಕಿಕೊಂಡು, ತಣ್ಣಗಾಗುವ ಮೊದಲೇ ಕಾಫಿ ಮುಗಿಸಿದರು.

ಅಜ್ಜಿ ಎದ್ದು ಮಾವನ ಮುಂದೆ ನಿಂತು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಎಣ್ಣೆ ಹಚ್ಚಿದ ಬೋಳು ನೆತ್ತಿ ನೋಡಿದಳು, ರಕ್ತ ಕಂಡರೆ ಕುಸಿಯುವ ಮೊಳಕಾಲು ನೋಡಿದಳು. ಮೊನ್ನೆ ಮೊಂಡು ಬಾಲದವನನ್ನು ಪರೀಕ್ಷಿಸಿದ್ದೂ ಹೀಗೆಯೇ ಇರಬೇಕು. ದೊಡ್ಡದೊಂದು ನಿಟ್ಟುಸಿರು ಬಿಟ್ಟಳು.

"ಇಲಿಗಾದ್ರೆ ಬೋನಿನಲ್ಲಿ ಕೊಬ್ಬರಿ ಇಟ್ಟೆ, ಗಂಡು ಬಂತು. ನಿನಗೆ ಹೆಣ್ಣು ಬರಬೇಕಾದ್ರೆ ಏನಿಡಲೋ?"